ಸೊಟ್ಟಗಡಿ ದಿನ್ನೆ

ಹಿರೇಜಾಲಿಯಿಂದ ಪಡುವಣಕ್ಕೆ, ಎರೆಹೊಲಗಳ ನಡುವಿನ ಬಂಡಿದಾರಿ ಹಿಡಿದು ಹೊರಟರೆ, ಊರ ಕೋಳಿಯ ಕೂಗು ಕೇಳಿಸದಷ್ಟು ದೂರ ಬಂದಾಗ ಒಂದು ಬೋಳು ದಿನ್ನೆ ಎದುರಾಗುತ್ತದೆ. ಹೇಳಿಕೊಳ್ಳುವಂಥ ಎತ್ತರವೇನೂ ಅದಕ್ಕಿಲ್ಲ. ಮೇಲೆ ನಾಲ್ಕು ಜಾಲಿಗಿಡ, ಬುಡದಲ್ಲಿ ಒಂದು ಹೊಂಡ. ಹೊಂಡದ ಒರತೆ ಮಾತ್ರ ಕಡುಬೇಸಗೆಯಲ್ಲೂ ಬತ್ತಿದ್ದನ್ನು ಕಂಡವರಿಲ್ಲ. ಅದರಾಚೆ ತುರಬಿನಾಳವೆಂಬ ಹಾಳೂರು. ಕುಸಿದ ಮಣ್ಣಿನ ಗೋಡೆಗಳು, ಬಾಗಿಲಿಲ್ಲದ ಒಂದು ಗುಡಿ, ಬಾಯಿ ತೆರೆದುಕೊಂಡ ಕಾಳಿನ ಹಗೇವುಗಳು, ಇಷ್ಟೇ ಈಗ ಉಳಿದಿರುವುದು. ಸರಕಾರದ ದಫ್ತರದಲ್ಲಿ ಇಂಥ ಊರಿಗೆ ಬೇಚರಾಕ್ ಎನ್ನುತ್ತಾರೆ, ಎಂದರೆ ದೀಪವಿಲ್ಲದ ಊರು. ಎರಡು ಊರುಗಳ ನಡುವಿನ ಗಡಿಗಲ್ಲುಗಳು ತೆಂಕಣದಿಂದ ನೂಲು ಹಿಡಿದಂತೆ ನೆಟ್ಟಗೆ ಬರುತ್ತವೆ. ದಿನ್ನೆಯ ಹತ್ತಿರ ಬಂದದ್ದೇ ತಡ, ಥಟ್ಟನೆ ತುರಬಿನಾಳದ ಕಡೆ ಹೊರಳಿ, ಇಡೀ ಹೊಂಡವನ್ನು ಹಿರೇಜಾಲಿಯ ಮಗ್ಗುಲಿಗೆ ಹಾಕಿಕೊಂಡು ಸುತ್ತಿಬಂದು, ಆಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ನೆಟ್ಟಗೆ ಬಡಗಣಕ್ಕೆ ಹೋಗುತ್ತವೆ. ಈ ಕಾರಣಕ್ಕೆ ಇದು ಸೊಟ್ಟಗಡಿ ದಿನ್ನೆ.

ನಮ್ಮ ಸೀಮೆಯಲ್ಲಿ ಅಡ್ಡಹೆಸರಿಗೇನು ಬರ? ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂದು ಸಂತೆಯಲ್ಲಿ ಸಿಗುವುದೆಲ್ಲ ಮನೆತನಗಳ ಹೆಸರಾಗಿ ಕೂತಿದೆ. ಆದರೆ ಸೊಟ್ಟಗಡಿ ಎಂಬ ಅಡ್ಡಹೆಸರಿನವರು ಇಡೀ ನಾಡಿನಲ್ಲಿ ನಾಲ್ಕೇ ಊರುಗಳಲ್ಲಿದ್ದಾರೆ. ಹೊಳೆಸಾಲಿನ ಕಮತನೂರು, ಎರೆಸೀಮೆಯ ಬಿಳೇಕಲ್ಲು, ಗುಡ್ಡದ ಸೆರಗಿನ ಹುಲಿಹೊಂಡ, ಮತ್ತೆ ದೂರದ ಕೆಂಪು ಮಸಾರಿ ನೆಲದ ಕೊಂಗವಾಡ. ಒಂದಕ್ಕೊಂದು ಸಂಬಂಧವಿಲ್ಲದ ಊರುಗಳು ಇವು. ದಿನ್ನೆಯಿರುವ ಹಿರೇಜಾಲಿಯಲ್ಲಿ ಮಾತ್ರ ಆ ಹೆಸರಿನ ಒಂದು ಮನೆಯೂ ಇಲ್ಲ. ಬೇರು ಇಲ್ಲಿ, ಹಂಬು ಅಲ್ಲಿ ಎಂಬಂತೆ ಇದು ಹೀಗೇಕಾಯಿತು ಎಂದು ಕೇಳಿದರೆ ಹಿರೇಜಾಲಿಯ ಹಿರಿಯರು ಎಲೆಯಡಿಕೆಯ ಚೀಲ ಹುಡುಕತೊಡಗುತ್ತಾರೆ. ಕಥೆ ಗೊತ್ತಿಲ್ಲವೆಂದಲ್ಲ, ಹೇಳಲು ನಾಚಿಕೆ.

ದೇಸಾಯರ ಕಾಲಕ್ಕೆ ಹೊಂಡ ಎರಡೂ ಊರಿನದಾಗಿತ್ತು. ಗಡಿ ನೀರಿನ ನಡುವೆಯೇ ಹಾಯುತ್ತಿತ್ತು. ಮೂಡಲ ದಂಡೆಯಲ್ಲಿ ಇವರು, ಪಡುವಲ ದಂಡೆಯಲ್ಲಿ ಅವರು ಕೊಡ ತುಂಬುತ್ತಿದ್ದರು. ಹಿರೇಜಾಲಿ ಬೆಳೆಯಿತು, ದನ ಹೆಚ್ಚಿದವು, ಹೊಂಡವೆಲ್ಲ ನಮ್ಮದೇ ಎಂಬ ಮಾತು ಮೊದಲು ಜಗಲಿಕಟ್ಟೆಯಲ್ಲಿ ಹುಟ್ಟಿ ಆಮೇಲೆ ಬಡಿಗೆಯ ತುದಿಗೆ ಬಂತು. ಹಳೆಯ ಗಡಿಗಲ್ಲುಗಳು ಯಾರ ಕೈಯಿಂದಲೋ ಕಾಣೆಯಾದವು. ವ್ಯಾಜ್ಯ ದೇಸಾಯರ ಮುಂದೆ ಹೋಯಿತು. ಆಗ ಇಂಥದ್ದಕ್ಕೆ ಒಂದೇ ತೀರ್ಪು. ಗಡಿ ಬಲ್ಲವನೊಬ್ಬ ಮಿಂದು, ಒದ್ದೆ ಧೋತರದಲ್ಲಿ, ಸೀಮೆಯ ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು, ಊರದೇವಿ ದ್ಯಾಮವ್ವನ ಆಣೆ ಮಾಡಿ ಗಡಿ ನಡೆಯಬೇಕು. ಅವನು ಹೆಜ್ಜೆಯಿಟ್ಟಲ್ಲಿ ಕಲ್ಲು ನೆಡುತ್ತಾರೆ. ಮುಂದಿನ ಸುಗ್ಗಿಯೊಳಗೆ ಅವನಿಗೋ ಅವನ ಮನೆಗೋ ಕೇಡು ಬಂದರೆ ನಡೆದದ್ದು ಸುಳ್ಳು, ಬಾರದಿದ್ದರೆ ಸತ್ಯ.

ಯಾರು ನಡೆಯಬೇಕೆಂಬ ಮಾತು ಬಂದಾಗ ತುರಬಿನಾಳದ ತಿಪ್ಪನಗೌಡ ಎದ್ದು ನಿಂತ. ಅವನು ಹೇಳಿದ ಹೆಸರು ತನ್ನ ಊರಿನವನದಲ್ಲ, ಹಿರೇಜಾಲಿಯ ಒಕ್ಕಲಿಗ ಭರಮಣ್ಣನದು. ಹಿಂದೊಮ್ಮೆ ಭರಮಣ್ಣನ ಎತ್ತು ಹಗ್ಗ ಹರಿದುಕೊಂಡು ತುರಬಿನಾಳದ ಜೋಳ ಮೇಯ್ದಿತ್ತು. ಕಂಡವರು ಯಾರೂ ಇರಲಿಲ್ಲ. ಭರಮಣ್ಣ ತಾನೇ ಹೋಗಿ ಹೇಳಿ, ಮೇಯ್ದಷ್ಟು ಕಣಿಕೆಯನ್ನು ತನ್ನ ಬಣವೆಯಿಂದ ಹೊತ್ತುಹಾಕಿ ಬಂದಿದ್ದ. ತಿಪ್ಪನಗೌಡ ಅದನ್ನು ಮರೆತಿರಲಿಲ್ಲ.

“ನಮ್ಮವರು ಯಾರೂ ನಡಿಯೋದು ಬ್ಯಾಡ್ರಿ. ಭರಮಣ್ಣ ನಡೀಲಿ. ಅವನ ಕಾಲು ಎಲ್ಲಿ ಬೀಳತೈತಿ ಅದ ನಮ್ಮ ಗಡಿ,” ಎಂದ.

ಭರಮಣ್ಣನಿಗೆ ಎದೆ ತುಂಬಿ ಬಂತು. ವೈರಿ ಊರು ನಂಬಿ ಕರೆಯುವುದೆಂದರೆ ಅದೇನು ಸಣ್ಣ ಮಾತೇ! ನಿಜವನ್ನೇ ನಡೆಯುತ್ತೇನೆ ಎಂದೇ ಅವನು ಮಿಂದದ್ದು. ಗುಡಿಯ ಮುಂದೆ ಅವನ ಊರಗೌಡ ಬಂದು, “ನಿನಗ ಏನೂ ಹೇಳಂಗಿಲ್ಲೋ ತಮ್ಮಾ. ಊರು ನಿನ್ನ ಕಾಲಾಗ ಐತಿ, ಇಷ್ಟ ನೆನಪಿಡು,” ಎಂದು ಹೆಗಲು ತಟ್ಟಿ ಹೋದ. ಏನೂ ಹೇಳುವುದಿಲ್ಲ ಎನ್ನುವವರೇ ಎಲ್ಲ ಹೇಳಿ ಹೋಗುವುದು. ತಲೆಯ ಮೇಲೆ ಹೆಂಟೆ ಕೂತಿತು. ಹಿಂದೆ ಎರಡೂ ಊರಿನವರು, ಕಲ್ಲು ಹೊತ್ತ ಆಳುಗಳು. ದಿನ್ನೆಯ ತನಕ ಅವನು ನೇಗಿಲ ಸಾಲಿನಂತೆ ನೆಟ್ಟಗೆ ನಡೆದ. ಮೇಲೆ ಹಿರೇಜಾಲಿಯ ಹೆಂಗಸರು ಖಾಲಿ ಕೊಡಗಳನ್ನು ಕಂಕುಳಲ್ಲಿಟ್ಟುಕೊಂಡು ಸಾಲಾಗಿ ನಿಂತಿದ್ದರು. ಅವರಲ್ಲಿ ಅವನ ಹೆಂಡತಿ ಹೊಳೆವ್ವನೂ ಇದ್ದಳು. ಅವಳು ಕಣ್ಣುಸನ್ನೆ ಮಾಡಲಿಲ್ಲ, ಬಾಯಿ ಬಿಡಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಭರಮಣ್ಣ ನೀರಿಗೆ ಇಳಿಯಬೇಕಾದಲ್ಲಿ ಪಡುವಣಕ್ಕೆ ಹೊರಳಿದ. ಕಾಲು ತಾನೇ ಹೊರಳಿತು ಎಂದುಕೊಳ್ಳಲು ಮುಂದೆ ಎಷ್ಟೋ ಸಲ ನೋಡಿದ. ಕಾಲು ತಾನಾಗಿ ಹೊರಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅರ್ಧ ಹೊಂಡ ಹಿರೇಜಾಲಿಗೆ ಸಾಕಾಗುತ್ತಿತ್ತು ಎಂಬುದೂ ಗೊತ್ತಿತ್ತು.

ತುರಬಿನಾಳದವರಲ್ಲಿ ಒಬ್ಬನೂ ತಕರಾರು ತೆಗೆಯಲಿಲ್ಲ. ಒಪ್ಪಿದ ಮಾತೆಂದರೆ ಒಪ್ಪಿದ ಮಾತು. ಕಲ್ಲು ನೆಟ್ಟದ್ದನ್ನು ನೋಡಿ, ನೆಲ ಮುಟ್ಟಿ ನಮಸ್ಕರಿಸಿ ಮನೆಗೆ ಹೋದರು. ಹಿರೇಜಾಲಿಯಲ್ಲಿ ಭರಮಣ್ಣನಿಗೆ ಹೊಸ ರುಮಾಲು ಸುತ್ತಿದರು. ಅವತ್ತಿನಿಂದ ಅವನು ಕೇಡಿನ ದಾರಿ ಕಾಯತೊಡಗಿದ. ಕಥೆ ಕೇಳುವವರಿಗೆ ಇಲ್ಲೊಂದು ಸಿಡಿಲು ಬೀಳಬೇಕೆನ್ನಿಸುತ್ತದೆ. ಬೀಳಲಿಲ್ಲ. ಆ ವರ್ಷ ಅವನ ಹೊಲದಲ್ಲಿ ಜೋಳ ಆಳೆತ್ತರ ಬಂತು, ಎಮ್ಮೆ ಹೆಣ್ಣುಗರು ಹಾಕಿತು, ಕೆಮ್ಮುತ್ತಿದ್ದ ಕಿರಿಯ ಮಗ ಗುಂಡುಕಲ್ಲಾದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಯಾರು ನಡಿಗೆಯ ಮಾತೆತ್ತಿದರೂ ತನ್ನ ಕಾಲು ನೋಡಿಕೊಳ್ಳುತ್ತಿದ್ದ. ಹೊಳೆವ್ವ ಒಮ್ಮೆ, “ದ್ಯಾಮವ್ವನೇ ಸುಮ್ಮನ ಅದಾಳ, ನೀವ್ಯಾಕ ಒದ್ದಾಡತೀರಿ?” ಎಂದು ಕೇಳಿದಳು. ದ್ಯಾಮವ್ವ ಸುಮ್ಮನಿರುವುದೇ ಅವನಿಗೆ ತಡೆಯದಾಗಿತ್ತು.

ಸುಗ್ಗಿ ಮುಗಿಯಿತು. ಆಣೆ ಸತ್ಯವಾಯಿತೆಂದು ಡಂಗುರ ಹೊಡೆಸಿದರು. ಮರುದಿನ ಮುಂಜಾನೆ ತಿಪ್ಪನಗೌಡ ಒಂದು ಬುಟ್ಟಿ ಜೋಳ, ಕಾಯಿ, ಎಲೆಯಡಿಕೆ ಹಿಡಿದು ಭರಮಣ್ಣನ ಅಂಗಳಕ್ಕೆ ಬಂದ. “ನಮ್ಮ ಹಿರೇರು ತಿಳೀದ ನಿಮ್ಮ ನೀರು ಕುಡದ್ರು. ಇಷ್ಟು ತಲಿಮಾರು ನಾವು ಕಳ್ಳರಾಗಿದ್ವಿ. ತಪ್ಪು ಹೊಟ್ಯಾಗ ಹಾಕ್ಕೋಪಾ,” ಎಂದು ಆ ಮುದುಕ ಬಾಗಿ ಭರಮಣ್ಣನ ಪಾದ ಮುಟ್ಟಿದ. ಹೇಳಬೇಕಾದ ಗಳಿಗೆ ಅದೇ ಆಗಿತ್ತು, ಭರಮಣ್ಣ ಬುಟ್ಟಿ ಇಳಿಸಿಕೊಂಡ.

ನೀರಿಲ್ಲದ ಊರು ಎಷ್ಟು ದಿನ ನಿಂತೀತು? ತುರಬಿನಾಳದ ಬಾವಿಗಳ ನೀರು ಸವುಳು, ಬಾಯಿಗಿಡಲಾಗದ ಉಪ್ಪು. ಬೇಡಿ ನೀರು ಒಯ್ಯಬಹುದಿತ್ತು, ಆದರೆ ಕದ್ದವರೆನ್ನಿಸಿಕೊಂಡ ಮೇಲೆ ಅವರು ಬೇಡಲು ಬರಲಿಲ್ಲ. ಒಂದೊಂದೇ ಮನೆ ಬಂಡಿ ಹೂಡಿತು. ಬೀಸುವ ಕಲ್ಲು, ಕಣದ ಹಂತಿಯ ಹಗ್ಗ, ಕೋಳಿ, ಮುದುಕಿಯರು, ಎಲ್ಲ ದಿನ್ನೆಯ ಮಗ್ಗುಲಲ್ಲೇ ಹಾದು ಹೋದವು. ಹೊಂಡದ ಹತ್ತಿರ ಬಂದಾಗ ಬಂಡಿಯವರು ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು. ಸಿಟ್ಟಿನಿಂದಲ್ಲ, ನಾಚಿಕೆಯಿಂದ. ತಾನು ಪಡಬೇಕಾದ ನಾಚಿಕೆಯನ್ನು ಅವರು ಹೊತ್ತುಕೊಂಡು ಹೋಗುವುದನ್ನು ಭರಮಣ್ಣ ಹೊಲದ ಬದುವಿನಲ್ಲಿ ನಿಂತು ನೋಡಿದ.

ಕೊನೆಗೆ ಒಂದು ದಿನ ಅವನು ಚಾವಡಿಗೆ ಹೋಗಿ, ಕೂಡಿದ ಮಂದಿಯ ಮುಂದೆ, ತಾನು ಸೊಟ್ಟ ನಡೆದೆನೆಂದು ಹೇಳಿಬಿಟ್ಟ. ಊರಗೌಡ ನಗಲಿಲ್ಲ, ಬೈಯಲಿಲ್ಲ. “ದ್ಯಾಮವ್ವ ಸತ್ಯ ಅಂದಾಳ. ನೀ ಸುಳ್ಳು ಅಂತೀ. ನಿನ್ನ ಮಾತು ಕೇಳೂಣೋ, ದೇವಿ ಮಾತು ಕೇಳೂಣೋ?” ಎಂದ. ಜನ ತಲೆಯಾಡಿಸಿದರು. ಹುಟ್ಟಿದಾಗಿನಿಂದ ಸತ್ಯ ಹೇಳಿದವನ ಒಂದು ಸುಳ್ಳನ್ನು ನಂಬಿದ ಊರು, ಆಮೇಲಿನ ಸತ್ಯವನ್ನು ನಂಬಲಿಲ್ಲ. ನಂಬಿದರೆ ಅರ್ಧ ನೀರು ಬಿಡಬೇಕಲ್ಲ. ಅವನಿಗೆ ಬಿಸಿಲು ತಲೆಗೇರಿದೆಯೆಂದು ಮಜ್ಜಿಗೆ ಕುಡಿಸಿ ಕಳಿಸಿದರು.

ತಿಪ್ಪನಗೌಡನನ್ನು ಹುಡುಕಿಕೊಂಡು ಅವನು ಕಮತನೂರಿಗೆ ನಡೆದ. ಅಲ್ಲಿ ಬೀಗರ ಕಣದಲ್ಲಿ ಆ ಮುದುಕ ಜೋಳ ತೂರುತ್ತಿದ್ದ. ಗೌಡಿಕೆ ಮಾಡಿದವನು, ಈಗ ಮಂದಿಯ ಕಣದಲ್ಲಿ ಮೊರ ಹಿಡಿದಿದ್ದ. ಭರಮಣ್ಣನನ್ನು ಕಂಡು ಸಂತೋಷದಿಂದಲೇ ಕೂರಿಸಿದ. ಸೊಸೆ ತಂಬಿಗೆಯಲ್ಲಿ ನೀರು, ಅಂಗೈಯಲ್ಲಿ ಬೆಲ್ಲ ತಂದುಕೊಟ್ಟಳು. ಕೊಟ್ಟ ನೀರನ್ನು ಬೇಡವೆನ್ನುವುದು ರೀತಿಯಲ್ಲ. ಅವನು ಕುಡಿದ, ಕುಡಿದು ಎಲ್ಲವನ್ನೂ ಹೇಳಿದ. ತಿಪ್ಪನಗೌಡ ಕಾಳಿನಲ್ಲಿ ಬೆರಳಾಡಿಸಿದ.

“ನೀರಿನ ಮಾತು ಬಿಡು,” ಎಂದ. “ನೀರು ಇಲ್ಲೂ ಅದಾವ. ನನ್ನ ಮಂದಿ ನಾಕು ಊರಾಗ ಹಂಚಿ ಹೋಗ್ಯಾರ. ಹೋದಲ್ಲೆಲ್ಲ, ನಮ್ಮ ಹಿರೇರು ನೀರುಗಳ್ಳರು ಅಂತ ತಲಿ ತಗ್ಗಿಸಿ ಕುಂತಾರ. ಮಕ್ಕಳಿಗೂ ಅದನ್ನ ಹೇಳ್ಯಾರ. ನಿನ್ನ ಹೆಸರು ಹೇಳಿದವ ನಾನು, ಈಗ ನಾ ಯಾವ ಬಾಯಿಲೆ ಹೇಳಲಿ? ನೀನ ಹೋಗಿ ಹೇಳು.”

“ನನ್ನ ತಪ್ಪು ಹೊಟ್ಯಾಗ ಹಾಕ್ಕೋತೀರೇನ್ರೀ ಗೌಡ್ರ?”

“ಅದನ್ನ ಈಗ ಕೇಳಬ್ಯಾಡ,” ಎಂದು ಮುದುಕ ಮೊರ ಎತ್ತಿಕೊಂಡ.

ಭರಮಣ್ಣ ನಾಲ್ಕೂ ಊರು ತಿರುಗಿ ಹೇಳಿಬಂದ. ಕೆಲವರು ಅತ್ತರು, ಕೆಲವರು ಉಗುಳಿದರು. ಮರುವರ್ಷ ಹೋಗಿ ನೋಡಿದರೆ ಹಳೆಯ ಮಾತೇ ಮತ್ತೆ ಮನೆಮನೆಯಲ್ಲಿ ಕೂತಿತ್ತು. ಅಪವಾದ ಗಟ್ಟಿ, ಅದನ್ನು ತೊಳೆಯುವ ಮಾತು ತೆಳ್ಳಗೆ. ಆಗ ದಾರಿ ತೋರಿಸಿದವಳು ಹೊಳೆವ್ವ. ಗಡಿ ಹೊರಳಿದ ಮೇಲೆ ಆ ಹೊಂಡದಿಂದ ಮೊದಲ ಕೊಡ ತುಂಬಿದವಳು ಅವಳೇ, ಅದರ ಭಾರ ಅವಳಿಗೂ ಇತ್ತು. “ಹೇಳಿ ಬಂದ್ರ ಮಂದಿ ಮರೀತಾರ. ಹೆಸರಾಗಿ ಕುಂತ್ರ ಮರಿಯಂಗಿಲ್ಲ,” ಎಂದಳು. ಭರಮಣ್ಣ ತನ್ನ ಮನೆತನದ ಹಳೆಯ ಹೆಸರನ್ನು ಬಿಟ್ಟ. ಅದೇನಿತ್ತೆಂದು ಈಗ ಯಾರಿಗೂ ತಿಳಿಯದು. ಸೊಟ್ಟಗಡಿ ಎಂದು ತನಗೆ ತಾನೇ ಇಟ್ಟುಕೊಂಡು, ಹೊಲಮನೆ ಬಿಟ್ಟು, ತುರಬಿನಾಳದವರು ನೆಲೆಸಿದ ಊರಿಗೊಬ್ಬರಂತೆ ಮಕ್ಕಳನ್ನು ಒಕ್ಕಲು ಹೂಡಿದ. ಮೂರು ಊರಿಗೆ ಗಂಡುಮಕ್ಕಳು, ಕೊಂಗವಾಡಕ್ಕೆ ಮಗಳು. ಅವಳನ್ನು ಮದುವೆಯಾದ ಪುಣ್ಯಾತ್ಮ ಹೆಂಡತಿಯ ಹೆಸರನ್ನೇ ಹೊತ್ತ. ಮಕ್ಕಳಿಗೆ ಅವನು ಹಾಕಿದ ಕಟ್ಟಳೆ ಒಂದೇ: ಇದೆಂಥ ಹೆಸರು ಎಂದು ಯಾರು ಕೇಳಿದರೂ ಕಾರಣ ಮುಚ್ಚಬಾರದು. ಅಂಥ ಹೆಸರನ್ನು ಕೇಳದೆ ಬಿಡುವವರುಂಟೇ? ಹೆಣ್ಣು ನೋಡಲು ಹೋದಲ್ಲಿ, ಸಂತೆಯಲ್ಲಿ, ಮಠದ ಪಂಕ್ತಿಯಲ್ಲಿ ಕೇಳುತ್ತಿದ್ದರು. ಭರಮಣ್ಣನ ಮಕ್ಕಳು ತಲೆ ತಗ್ಗಿಸಿ ಹೇಳುತ್ತಿದ್ದರು. ಹೀಗೆ ತುರಬಿನಾಳದವರ ತಲೆ ಮೆಲ್ಲಗೆ ಎದ್ದಿತು. ತಿಪ್ಪನಗೌಡ ಅದನ್ನು ಕಂಡೇ ಸತ್ತ. ಕ್ಷಮಿಸಿದೆನೆಂಬ ಮಾತನ್ನು ಮಾತ್ರ ಕೊನೆತನಕ ಆಡಲಿಲ್ಲವಂತೆ.

ಮುಪ್ಪಿನಲ್ಲಿ ಭರಮಣ್ಣ ಒಮ್ಮೆ ಹಿರೇಜಾಲಿಗೆ ಬಂದ. ಕಲ್ಲು ಕೀಳಲು ಊರು ಬಿಡದೆಂದು ಅವನಿಗೆ ತಿಳಿದಿತ್ತು, ಕೇಳಲೂ ಇಲ್ಲ. ನಡುಹಗಲಲ್ಲಿ ಮಿಂದು, ಸೀಮೆಯ ಮಣ್ಣಿನ ಹೆಂಟೆ ತಲೆಗಿಟ್ಟುಕೊಂಡು ಗಡಿ ಹಿಡಿದು ನಡೆದ. ಕಲ್ಲುಗಳು ಹೊರಳಿದಲ್ಲಿ ಹೊರಳದೆ ನೆಟ್ಟಗೆ ನೀರಿಗಿಳಿದ. ಎದೆಯುದ್ದ, ಕೊರಳುದ್ದ ನೀರು. ನಡುವೆ ಒಮ್ಮೆ ಮುಳುಗಿ ಎದ್ದಾಗ ಹೆಂಟೆ ಕರಗಿ ಕೆಸರು ಮುಖದ ಮೇಲೆಲ್ಲ ಇಳಿಯಿತು. ದಂಡೆಯಲ್ಲಿದ್ದ ಹೆಂಗಸರು ನೀರಿನಿಂದ ಹಿಂದೆ ಸರಿದರು. ಅವನು ಆಚೆ ಹತ್ತಿ, ಹಿಂತಿರುಗಿ ನೋಡದೆ, ಹಾಗೇ ಕೊಂಗವಾಡದ ದಾರಿ ಹಿಡಿದ.

ದಿನ್ನೆಗೆ ಹೋದವರು ಇಂದಿಗೂ ಒಂದು ಕಾಲುದಾರಿಯನ್ನು ಕಾಣಬಹುದು. ಅದರ ಮಗ್ಗುಲಲ್ಲಿ ಕಲ್ಲಿಲ್ಲ, ಯಾವ ನಕಾಶೆಯಲ್ಲೂ ಅದಿಲ್ಲ. ನೆಟ್ಟಗೆ ನೀರಿಗಿಳಿದು ಆಚೆ ದಂಡೆಯಲ್ಲಿ ಏಳುತ್ತದೆ. ಸೊಟ್ಟಗಡಿಯವರ ಮನೆಯಲ್ಲಿ ಮದುವೆಯಾದರೆ, ಅರಿಷಿಣ ಆರುವ ಮೊದಲು ಗಂಡ ಹೆಂಡಿರು ಬಂದು, ತಲೆಗೊಂದೊಂದು ಹೆಂಟೆ ಹೊತ್ತು ಆ ದಾರಿಯಲ್ಲಿ ಹೊಂಡ ಹಾಯುತ್ತಾರೆ. ಹಿರೇಜಾಲಿಯ ಹೆಂಗಸರು ಆಗ ನೀರಿನಿಂದ ಮೇಲೆ ಬಂದು, ಕೊಡಗಳನ್ನು ಕೆಳಗಿಟ್ಟು, ಸೆರಗು ಮುಂದಕ್ಕೆಳೆದುಕೊಂಡು ನೆಲ ನೋಡುತ್ತ ನಿಲ್ಲುತ್ತಾರೆ. ಯಾರವರು ಎಂದು ಪರಸ್ಥಳದವರು ಕೇಳಿದರೆ ಒಬ್ಬರೂ ಉತ್ತರ ಕೊಡುವುದಿಲ್ಲ. ಗಂಡ ಹೆಂಡಿರು ದಾಟಿಹೋಗಿ, ಕದಡಿದ ನೀರು ತಿಳಿಯಾಗುವ ತನಕ ಕಾಯುತ್ತಾರೆ. ಆಮೇಲೆ ಕೊಡ ತುಂಬಿಕೊಂಡು ಮನೆಗೆ ಹೋಗುತ್ತಾರೆ. ನೀರು ಬೇಕಲ್ಲ.