ಒದ್ದೆ ಬಟ್ಟೆ ಹೊದ್ದ ಬುಟ್ಟಿ

"ಕೇಳಿರಪ್ಪೋ ಕೇಳಿ, ಪೇಟೆಗೆ ಹೊಸ ಯಜಮಾನ ಬೇಕಾಗಿದ್ದಾನೆ. ಮಹಾರಾಜರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಯಜಮಾನಿಕೆ, ಒಂದು ತಪ್ಪಿದರೂ ತಲೆದಂಡ."

ಡಂಗುರದವನ ಹಿಂದೆ, ಅವನು ಸರಿಯಾಗಿ ಸಾರುತ್ತಾನೋ ಇಲ್ಲವೋ ನೋಡಲು ಒಬ್ಬ ಗೂಢಚಾರ. ಆ ಗೂಢಚಾರನ ಹಿಂದೆ ಇನ್ನೊಬ್ಬ. ಹೊನ್ನಗೆರೆಯ ಜಕ್ಕರಾಯ ಅಂಥ ದೊರೆ. ಹಳೆಯ ಯಜಮಾನ ನಗುನಗುತ್ತಾ ಮಾತಾಡುತ್ತಾನೆಂದೇ ಅವನನ್ನು ತೆಗೆದುಹಾಕಿದ್ದ. ಸುಮ್ಮಸುಮ್ಮನೆ ಯಾರಾದರೂ ನಗುತ್ತಾರೆಯೇ?

ಆ ಊರ ಸಂತೆಯಲ್ಲೊಂದು ಪದ್ಧತಿಯಿತ್ತು; ಅದನ್ನು ಹೇಳದೆ ಕತೆ ಮುಂದೆ ಹೋಗುವುದಿಲ್ಲ. ಹೊತ್ತು ಇಳಿಯುವಾಗ ಅಂಗಡಿಯವರು ಉಳಿದ ಸರಕಿನಲ್ಲಿ ಒಂದಿಷ್ಟನ್ನು ಹರೆಯದವರ ಬುಟ್ಟಿಗೆ ಹಾಕಿಕೊಡುತ್ತಿದ್ದರು. ಮಾರಿದರೆ ಲಾಭದಲ್ಲಿ ಪಾಲು. ಮಾರದಿದ್ದರೆ ಸರಕು ವಾಪಸು, ಯಾರ ಮನೆಯೂ ಮುಳುಗುವುದಿಲ್ಲ. ಇದಕ್ಕೆ ಇಳಿಬುಟ್ಟಿ ಎನ್ನುತ್ತಿದ್ದರು. ಊರಿನ ಎಷ್ಟೋ ಅಂಗಡಿಗಳು ಹುಟ್ಟಿದ್ದೇ ಅಲ್ಲಿ. ತರಕಾರಿ ಬಾಡದಿರಲೆಂದು ಬುಟ್ಟಿಗೆ ಒದ್ದೆ ಬಟ್ಟೆ ಹೊದಿಸುತ್ತಿದ್ದರು ನೋಡಿ, ಎಡವಟ್ಟಾದದ್ದು ಅದರಿಂದ. ಮುಚ್ಚಿದ ಬುಟ್ಟಿ ಹೊತ್ತು ಓಡಾಡುವವರನ್ನು ಉಪ್ಪರಿಗೆಯಿಂದ ಕಂಡ ದೊರೆ, ಒಳಗೆ ಕತ್ತಿಯಿದೆ ಎಂದುಕೊಂಡು ಇಳಿಬುಟ್ಟಿಯನ್ನೇ ನಿಷೇಧಿಸಿಬಿಟ್ಟ. ಬದನೆಕಾಯಿ ಮಾರುವ ಲಕ್ಕಮ್ಮನ ಅಣ್ಣನ ಮಗ ಕೆಂಚನ ಬುಟ್ಟಿಯನ್ನು ಭಟರು ಕಿತ್ತುಕೊಂಡು ಹೋದರು.

ಡಂಗುರ ಕೇಳಿ ಕೆಂಚ ಅರಮನೆಗೆ ಹೊರಟಾಗ ಲಕ್ಕಮ್ಮ ಅಡ್ಡ ನಿಂತಳು. "ಲೋ, ಬುಟ್ಟಿಯಾದರೆ ಇನ್ನೊಂದು ಹೆಣೆಸಬಹುದು. ತಲೆ ಯಾರು ಹೆಣೀತಾರೋ?"

"ಇಳಿಬುಟ್ಟಿ ಇಲ್ಲದಿದ್ದರೆ ನಮ್ಮಂಥವರು ವ್ಯಾಪಾರ ಕಲಿಯೋದೆಲ್ಲಿ ಅತ್ತೆ? ಯಜಮಾನನಾದರೆ ಮತ್ತೆ ತರಿಸಬಹುದು," ಎಂದು ಅವನು ಹೊರಟೇಬಿಟ್ಟ.

ಆಸ್ಥಾನದಲ್ಲಿ ಅವನಿಗಿಂತ ಮುಂದೆ ಇಬ್ಬರಿದ್ದರು. ಮೊದಲನೆಯವನು ಸಾಹುಕಾರನ ಮಗ ಪದುಮಯ್ಯ.

"ಎಲ್ಲ ಅಂಗಡಿಯಲ್ಲೂ ಇರುತ್ತದೆ, ಯಾರೂ ಕೊಳ್ಳುವುದಿಲ್ಲ. ಮುಚ್ಚಿಟ್ಟರೆ ಬೆಳೆಯುತ್ತದೆ. ಏನದು?" ಎಂದ ದೊರೆ.

"ಗುಟ್ಟು, ಪ್ರಭು."

"ಗುಟ್ಟನ್ನು ನಾನು ದಿನಾ ಕೊಳ್ಳುತ್ತೇನೆ. ಎಳೆದುಕೊಂಡು ಹೋಗಿ."

ಎರಡನೆಯವನು ದಳವಾಯಿಯ ಅಳಿಯ ಬೀರಣ್ಣ. ಮೊದಲ ಒಗಟಿಗೆ "ಹುಳುಕು" ಎಂದು ಹೇಳಿ ಬಚಾವಾದ. ಆಗ ದೊರೆ ಮುಂದಕ್ಕೆ ಬಾಗಿದ. "ಮಾರುವವನ ಪಕ್ಕದಲ್ಲೂ ಕೂರುತ್ತಾನೆ, ಗಿರಾಕಿಯ ಜೊತೆಗೂ ಬರುತ್ತಾನೆ. ಅವನಿಲ್ಲದಿದ್ದರೆ ವ್ಯಾಪಾರ ಕೆಡುತ್ತದೆ, ಅವನೊಬ್ಬನೇ ಉಳಿದರೂ ಕೆಡುತ್ತದೆ. ಯಾರವನು?"

"ಲಾಭ," ಎಂದ ಬೀರಣ್ಣ.

"ಲಾಭವೊಂದೇ ಉಳಿದರೆ ಕೆಡುವುದೇನಯ್ಯ?" ಅವನನ್ನೂ ಸೆರೆಗೆ ಎಳೆದೊಯ್ದರು.

ಕೆಂಚ ಕೈಮುಗಿದು ನಿಂತ. "ಮೊದಲನೆಯದು ಹುಳುಕೇ, ಬುದ್ಧಿ. ಎರಡನೆಯದು..." ಎಂದು ಒಂದು ಕ್ಷಣ ತಡೆದ. ಉತ್ತರ ಗೊತ್ತಿತ್ತು, ದೊರೆಯ ಮುಖ ನೋಡಿ ಹೇಳುವುದು ಹೇಗೆ? "ಅನುಮಾನ, ಬುದ್ಧಿ. ಗಿರಾಕಿ ಬದನೆಕಾಯಿ ಒತ್ತಿ ನೋಡಬೇಕು, ನಾವು ಅವರ ನಾಣ್ಯ ಕುಟ್ಟಿ ನೋಡಬೇಕು. ಆದರೆ ಒತ್ತಿ ನೋಡಿದ ಮೇಲೂ ನಂಬದಿದ್ದರೆ ಸಂತೆಯೇ ನಡೆಯಲ್ಲ."

ದೊರೆಯ ಹುಬ್ಬು ಗಂಟಿಕ್ಕಿತು. ಅವನು ಸನ್ನೆ ಮಾಡಿದ. ಭಟರು ಬಟ್ಟೆ ಮುಚ್ಚಿದ ಒಂದು ಬುಟ್ಟಿ ತಂದು, ದೂರವೇ ಇಟ್ಟು, ಹಿಂದೆ ಸರಿದರು. "ಎರಡೂ ಸರಿ. ಇನ್ನು ಮೂರನೆಯದು. ನಿಧಿಯೂ ಇರಬಹುದು, ನಾಗರಹಾವೂ ಇರಬಹುದು. ಇದಕ್ಕೆ ಏನು ಪಣ ಇಡುತ್ತೀಯೆ?"

"ಏನೂ ಇಡಲ್ಲ. ಬಟ್ಟೆ ಸರಿಸಿ, ಒಂದು ಹಿಡಿ ನೋಡೋಕೆ ಬಿಡಿ. ಬಿಡದಿದ್ದರೆ ಬುಟ್ಟಿಯೇ ಬೇಡ."

"ಬೇಡ ಅಂದರೆ ತಲೆ ಹೋಗುತ್ತದೆ."

"ಬೇಡ ಅನ್ನೋಕೆ ಹೆದರಿದರೆ ಸಂತೆಯಲ್ಲಿ ಕೂರೋಕಾಗಲ್ಲ, ಬುದ್ಧಿ."

ದೊರೆ ಕಾಲುಗಳನ್ನು ಪೀಠದ ಮೇಲಕ್ಕೆ ಎಳೆದುಕೊಂಡು ಕೂತ. ಕೊನೆಗೆ, "ಸರಿಸು," ಎಂದ.

ಕೆಂಚ ಬಟ್ಟೆ ಸರಿಸಿದ. ನಾತಕ್ಕೆ ಮಂತ್ರಿ ಮೂಗು ಮುಚ್ಚಿಕೊಂಡ. ಕೊಳೆತ ಬದನೆಕಾಯಿ. ಬುಟ್ಟಿಯ ಹೆಣಿಗೆ ನೋಡಿದ್ದೇ ಕೆಂಚನಿಗೆ ಗುರುತು ಹತ್ತಿತು. "ಇದು ನಂದೇ, ಬುದ್ಧಿ. ಕಿತ್ತುಕೊಂಡವರು ಬಿಚ್ಚಿ ನೋಡಲೇ ಇಲ್ಲವಾ?"

"ಕತ್ತಿಯಿದ್ದರೆ?" ಎಂದ ದೊರೆ ಸಣ್ಣ ದನಿಯಲ್ಲಿ. "ಯಾರನ್ನು ನಂಬಿ ಬಿಚ್ಚಿಸಲಿ? ಕಾವಲಿಟ್ಟು ಕೂಡಿಹಾಕಿದ್ದೆ." ಆಮೇಲೆ ತಾನೇ ನಕ್ಕ. ಮುಚ್ಚಿಟ್ಟದ್ದಕ್ಕೆ ಹುಳುಕು ಬೆಳೆದಿತ್ತು, ಅನುಮಾನವೊಂದೇ ಉಳಿದು ಬುಟ್ಟಿಯೇ ಕೆಟ್ಟಿತ್ತು. ಮೂರನೆಯ ಒಗಟಿಗೆ ಬೇಕಾದದ್ದು ಬಟ್ಟೆ ಸರಿಸಿ ಒಂದು ಹಿಡಿ ನೋಡುವ ಧೈರ್ಯ, ಅಷ್ಟೇ. "ಯಜಮಾನಿಕೆ ನಿನ್ನದು. ಮೊದಲ ಅಪ್ಪಣೆ ಏನು?"

"ಇಳಿಬುಟ್ಟಿ ಮತ್ತೆ ನಡೀಲಿ. ಆ ಇಬ್ಬರನ್ನೂ ಸೆರೆಯಿಂದ ಬಿಡಿಸಿ ಅಲ್ಲಿ ಕೂರಿಸಿ, ಬುದ್ಧಿ. ತಪ್ಪಿದರೆ ತಲೆ ಹೋಗದ ಜಾಗದಲ್ಲಿ ಅವರು ಮೊದಲು ತಪ್ಪಲಿ."

ಮುಂದಿನ ಸಂತೆಗೆ ದೊರೆ ತಾನೇ ಬಂದ. ಪದುಮಯ್ಯನ ಬುಟ್ಟಿಯ ಬಟ್ಟೆ ಸರಿಸಿ ಒಂದೊಂದೇ ಬದನೆಕಾಯಿಯನ್ನು ಒತ್ತಿ, ಮೂಸಿ, ಬೆಳಕಿಗೆ ಹಿಡಿದು ನೋಡತೊಡಗಿದ. ಪಕ್ಕದಲ್ಲಿದ್ದ ಲಕ್ಕಮ್ಮ ಹೇಳಿದಳು:

"ಕೊಳ್ಳೋದಾದರೆ ಒತ್ತಿ, ಬುದ್ಧಿ. ಎಲ್ಲಾ ಒತ್ತಿದರೆ ಎಲ್ಲಾ ಕೊಳ್ಳಬೇಕಾಗುತ್ತೆ."

ದೊರೆ ಎಲ್ಲವನ್ನೂ ಕೊಂಡ.