ಕೊಳ ನೋಡುವ ಮೊದಲೇ ಬರೆದ ಚೀಟಿ

ಚೆನ್ನಿಗಪ್ಪ ಊರಿನ ಆರು ಬಂಗಲೆಗಳ ಈಜುಕೊಳ ನೋಡಿಕೊಳ್ಳುತ್ತಿದ್ದ. ಬಿದ್ದ ಎಲೆ ಸೋಸಿ ತೆಗೆದು, ನೀರು ಪರೀಕ್ಷಿಸಿ, ಕ್ಲೋರಿನ್ ಹಾಕಿ, ಹೊರಡುವಾಗ ಮನೆಯವರಿಗೆ ಒಂದು ಚೀಟಿ ಬರೆದಿಡಬೇಕು: ನೀರು ಹೇಗಿದೆ, ಏನು ಹಾಕಿದೆ, ಇಳಿಯಬಹುದೋ ಬೇಡವೋ.

ಕೆಲಸದಲ್ಲಿ ಚುರುಕು. ಆದರೆ ನೀರಿನ ಮುಂದೆ ಕೂತರೆ ಲೋಕ ಮರೆಯುವ ಆಸಾಮಿ. ನೀರಿಗೆ ಬಿದ್ದ ಬಿಸಿಲು ಗೋಡೆಯ ಮೇಲೆ ನಡುಗುವುದನ್ನು ನೋಡುತ್ತಾ ತಾನೂ ತೇಲುತ್ತಿದ್ದೇನೆ ಅಂದುಕೊಳ್ಳುವನು. ಎಚ್ಚರವಾಗುವಾಗ ಹೊತ್ತಾಗಿರುತ್ತಿತ್ತು. ಒದ್ದೆ ಕೈಯಲ್ಲಿ ಅವಸರದಿಂದ ಬರೆದರೆ ಶಾಯಿ ಹರಡುತ್ತಿತ್ತು. ಅವನದೋ ಮುತ್ತು ಪೋಣಿಸಿದಂಥ ಅಕ್ಷರ. ಅದು ಹಾಳಾದರೆ ಅವನಿಗೆ ಬೇಸರ.

ಅದಕ್ಕೇ ಒಂದು ಉಪಾಯ ಹೂಡಿದ. ಬೆಳಗ್ಗೆ ಮನೆಯಲ್ಲೇ ಕಾಫಿ ಕುಡಿಯುತ್ತಾ, ಒಣ ಕೈಯಲ್ಲಿ, ಆರೂ ಚೀಟಿ ಬರೆದುಬಿಡುವುದು. ‘ನೀರು ತಿಳಿಯಾಗಿದೆ. ಎಂದಿನಷ್ಟೇ ಕ್ಲೋರಿನ್ ಹಾಕಿದೆ. ಇಳಿಯಬಹುದು.’ ಹೇಗೂ ದಿನವೂ ಅದೇ ತಾನೆ? ಬರೆದಂತೆಯೇ ನಡೆಯುತ್ತಲೂ ಇತ್ತು.

ಆರರಲ್ಲಿ ಒಂದು ಮನೆ ಇಂದುಮತಮ್ಮನವರದು. ವಯಸ್ಸು ಎಪ್ಪತ್ತು ದಾಟಿತ್ತು, ಕಣ್ಣು ಪೂರ್ತಿ ಮಂಜಾಗಿತ್ತು, ಮಂಡಿ ಹಿಡಿದುಕೊಂಡಿತ್ತು. ನೆಲದ ಮೇಲೆ ನಾಲ್ಕು ಹೆಜ್ಜೆಗೆ ನರಳುವವರು ನೀರಿನಲ್ಲಿ ಹಗುರಾಗಿಬಿಡುತ್ತಿದ್ದರು. ಅಂಗಾತ ತೇಲುತ್ತಾ, “ಇಲ್ಲಿ ನನಗೆ ವಯಸ್ಸೇ ಇಲ್ಲ ಕಣಪ್ಪ,” ಎನ್ನುವರು. ಅಡುಗೆಯ ಜಯಶೀಲ ಚೀಟಿ ಓದಿ ಹೇಳಿದ ಮೇಲೆಯೇ ಅವರು ಕೊಳಕ್ಕೆ ಕಾಲಿಡುತ್ತಿದ್ದದ್ದು.

ಒಂದು ಮಂಗಳವಾರ ಆ ಕೊಳದ ನೀರು ಮಸುಕಾಗಿತ್ತು, ಅಂಚಿನ ಕಲ್ಲು ಪಾಚಿಗಟ್ಟಿ ಜಾರುತ್ತಿತ್ತು. ಚೆನ್ನಿಗಪ್ಪ ನಾಲ್ಕು ಪಟ್ಟು ಕ್ಲೋರಿನ್ ಸುರಿದ. ಅಂಥ ನೀರಿಗೆ ಒಂದು ದಿನ ಯಾರೂ ಇಳಿಯಬಾರದು. ಮೈ ಉರಿಯುತ್ತದೆ, ಉಸಿರು ಕಟ್ಟುತ್ತದೆ. ಇದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ಬಿಳಿ ಪುಡಿ ನೀರೊಳಗೆ ಮೋಡದ ಹಾಗೆ ಬಿಚ್ಚಿಕೊಳ್ಳುವುದನ್ನು ನೋಡುತ್ತಾ ಬಹಳ ಹೊತ್ತು ನಿಂತವನು, ನಿದ್ದೆಯಲ್ಲಿ ನಡೆಯುವವನಂತೆ ಜೇಬಿನ ಚೀಟಿ ತೆಗೆದು ಬಾಗಿಲ ಮೊಳೆಗೆ ಚುಚ್ಚಿ ಹೊರಟ.

ಮುಂದಿನ ಮನೆಯಲ್ಲಿ ಇನ್ನೊಂದು ಚೀಟಿ ತೆಗೆದಾಗ ‘ಇಳಿಯಬಹುದು’ ಎಂಬ ಮಾತು ಕಣ್ಣಿಗೆ ಬಿತ್ತು. ಕೂಡಲೇ ಇಂದುಮತಮ್ಮನವರ ಮನೆಗೆ ಫೋನ್ ಮಾಡಿದ, ಯಾರೂ ಎತ್ತಲಿಲ್ಲ. ಸೈಕಲ್ ಹತ್ತಿ ಬಿದ್ದಂಬೀಳ ಹಿಂದಕ್ಕೆ ಬಂದ.

ಇಂದುಮತಮ್ಮ ಕಂಬಿ ಹಿಡಿದು ಕೊಳದ ಮೆಟ್ಟಿಲ ಮೇಲೆ ನಿಂತಿದ್ದರು. ಒಂದು ಕಾಲು ಆಗಲೇ ನೀರಿನತ್ತ ಚಾಚಿತ್ತು.

“ಇಳೀಬೇಡಿ ಅಮ್ಮಾವ್ರೇ, ನೀರು ಸರಿಯಿಲ್ಲ.”

“ಇಳೀಬಹುದು ಅಂತ ನೀನೇ ಬರ್ದಿದೀಯಲ್ಲಪ್ಪ. ಜಯಶೀಲ ಈಗಷ್ಟೇ ಓದಿದ್ಲು.”

ಅವಳು ತಪ್ಪು ಓದಿರಬೇಕು ಎಂದುಬಿಡಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು. ಚೆನ್ನಿಗಪ್ಪ ಅದನ್ನು ನುಂಗಿಕೊಂಡ.

“ಅದು ನೋಡಿ ಬರ್ದಿದ್ದಲ್ಲ ಅಮ್ಮಾವ್ರೇ. ಬೆಳಿಗ್ಗೆ ಮನೇಲೇ ಬರ್ದಿದ್ದು. ದಿನಾ ಹಂಗೇ ಬರೀತೀನಿ.”

ಇಂದುಮತಮ್ಮ ಕಾಲು ಹಿಂದಕ್ಕೆ ತೆಗೆದುಕೊಂಡರು. ಮೆಲ್ಲಗೆ ಹೇಳಿದರು: “ಹಂಗಾದ್ರೆ ಇಷ್ಟು ದಿನ ನಾನು ತೇಲಿದ್ದು ನೀರಿನ ಮೇಲಲ್ಲ. ನಿನ್ನ ಅಂದಾಜಿನ ಮೇಲೆ.”

ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುದಿನ ಬಂದು ನೀರು ಪರೀಕ್ಷಿಸಿದ. ಎಲ್ಲ ಸರಿಯಿತ್ತು. ಅಲ್ಲೇ ಕೂತು ಚೀಟಿ ಬರೆದ, ಜಯಶೀಲ ಓದಿದಳು. ಇಂದುಮತಮ್ಮ ಮೆಟ್ಟಿಲವರೆಗೆ ಬಂದು ನಿಂತುಬಿಟ್ಟರು.

“ಮೊದ್ಲು ನೀನಿಳಿ,” ಎಂದರು.

ಚೆನ್ನಿಗಪ್ಪ ಉಟ್ಟ ಬಟ್ಟೆಯಲ್ಲೇ ಎದೆಮಟ್ಟದ ನೀರಿಗಿಳಿದು ಕೈ ಚಾಚಿದ. ಆಮೇಲೆ ಅವರು ಇಳಿದರು. ಮುಂದೆ ಎಷ್ಟೋ ತಿಂಗಳು, ಚೀಟಿಯಲ್ಲಿ ಏನೇ ಬರೆದಿರಲಿ, ಆ ಮನೆಯಲ್ಲಿ ಅವನೇ ಮೊದಲು ಇಳಿಯಬೇಕಾಯಿತು.

ನೀತಿ: ನೋಡುವ ಮೊದಲೇ ಬರೆದದ್ದು ನಿಜವೇ ಆದರೂ ಸುಳ್ಳೇ. ನಮ್ಮ ಮಾತನ್ನು ನಂಬಿ ಹೆಜ್ಜೆ ಇಡುವವರು ಇರುತ್ತಾರೆ. ಆ ನಂಬಿಕೆ ಕಳೆಯಲು ಒಂದು ಚೀಟಿ ಸಾಕು, ಮರಳಿ ಗಳಿಸಲು ನೂರು ಚೀಟಿಯೂ ಸಾಲದು.