ದಿಂಬು ಪಳಗಿಸಿದ ಡ್ರೈವರ್

ನಮ್ಮೂರ ಜವಳಿ ಸಾಹುಕಾರ ಗುರುಪಾದಪ್ಪನವರ ಡ್ರೈವರನಿಗೆ ವಿಪರೀತ ಬೆನ್ನುನೋವು. ಸೀಟಿಗೊಂದು ಒರಗುದಿಂಬು ಹೊಲಿಸಿ ಅಂದದ್ದಕ್ಕೆ ಸಾಹುಕಾರರು, "ಕಂಪನಿ ಕೊಟ್ಟ ಸೀಟು ಸಾಲದೇನೋ ನಿನಗೆ?" ಎಂದು ಗದರಿ, ಕಾರಿನಲ್ಲಿ ತಾವು ಕೂರುವ ಹಿಂದಿನ ಸೀಟಿಗೇ ಹೊಲಿಸಿಕೊಂಡರು.

ಡ್ರೈವರ್ ಕೈಮುಗಿದ. "ಧಣಿ, ನಿಮ್ಮ ಹೊಸ ಚಪ್ಪಲಿ ಕಚ್ಚದಿರಲಿ ಅಂತ ಮೊದಲು ನಾನೇ ಮೆಟ್ಟಿ ಪಳಗಿಸೋದಿಲ್ಲವೇ? ದಿಂಬನ್ನೂ ಪಳಗಿಸಿಕೊಡ್ತೀನಿ."

"ಅದೂ ಸರಿಯೇ!" ಎಂದರು ಸಾಹುಕಾರರು.

ಎಂಥ ಉಪಾಯ ನೋಡಿ! ದಿಂಬನ್ನು ತನ್ನ ಸೀಟಿಗೆ ಹಾಕಿಕೊಂಡವನು, ಕೇಳಿದಾಗಲೆಲ್ಲ "ಇನ್ನೂ ಗಟ್ಟಿ ಇದೆ ಧಣಿ" ಅನ್ನುತ್ತ ವರ್ಷ ತಳ್ಳಿದ. ಕೊನೆಗೊಮ್ಮೆ ಸಾಹುಕಾರರು ರೇಗಿ, ದಿಂಬು ಕಿತ್ತುಕೊಂಡು ಒರಗಿ, ಮುಖ ಸಿಂಡರಿಸಿದರು.

"ಇದೇನೋ, ಎಡಕ್ಕೆ ವಾಲಿದೆ?"

"ನಿಮ್ಮ ಕಾರು ಓಡಿಸಿ ಓಡಿಸಿ ನನ್ನ ಬೆನ್ನೇ ಹಾಗಾಗಿದೆಯಲ್ಲ ಧಣಿ."

ಸಾಹುಕಾರರು ದಿಂಬಿನ ತಗ್ಗನ್ನು ಸವರಿದರು. ತಾವೇ ಅದನ್ನು ಮುಂದೆ ಡ್ರೈವರನ ಸೀಟಿಗಿಟ್ಟರು.

"ಅವತ್ತೇ ನಿನ್ನ ಮಾತು ಕೇಳಬೇಕಿತ್ತು ಕಣೋ," ಅಂದರು.